ಟ್ರಮಡಾಲ್ ಮಾತ್ರೆ ಮನೆಗೆ ಬಂದಾಗ ಏನೇನು ನೋಡಿಕೊಳ್ಳಬೇಕು?

ಮಂಡಿ ಆಪರೇಷನ್, ಸ್ಲಿಪ್ ಡಿಸ್ಕ್, ರಸ್ತೆಗುಂಡಿಗೆ ಸ್ಕೂಟರ್ ಇಳಿದು ಮುರಿದ ಮೂಳೆ. ಬೆಂಗಳೂರಿನಲ್ಲಿ ಈ ಮೂರಕ್ಕೂ ಬರ ಇಲ್ಲ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಕೊಡುವ ಮಾತ್ರೆಗಳ ಕವರ್‌ನಲ್ಲಿ ಟ್ರಮಡಾಲ್ ಇರುವ ಸ್ಟ್ರಿಪ್ ಒಂದು ಇರುವುದೂ ಈಗ ಮಾಮೂಲು.

ನಾನು ಮೆಡಿಕಲ್ ಶಾಪ್ ಕೌಂಟರಿನಲ್ಲಿ ನಿಂತು ಕೆಲಸ ಮಾಡುವ ಫಾರ್ಮಸಿಸ್ಟ್. ಈ ಮಾತ್ರೆ ತಗೊಳ್ಳುವವರಲ್ಲಿ ಎರಡು ಥರದವರನ್ನು ನೋಡುತ್ತೇನೆ. ಕೆಲವರು ಗೂಗಲ್‌ನಲ್ಲಿ ಹೆಸರು ಹುಡುಕಿ, ಹೆದರಿ, ಆಪರೇಷನ್ ಆದ ರಾತ್ರಿಯೂ ನೋವು ತಿಂದುಕೊಂಡು ಮಲಗುತ್ತಾರೆ. ಇನ್ನು ಕೆಲವರು ಜ್ವರದ ಮಾತ್ರೆ ಥರ ಜೇಬಲ್ಲಿ ಇಟ್ಟುಕೊಂಡು ಓಡಾಡುತ್ತಾರೆ. ಎರಡೂ ಬೇಡ. ಡಾಕ್ಟರು ಬರೆದುಕೊಟ್ಟ ಮೊದಲ ಸ್ಟ್ರಿಪ್ಪಿಗಿಂತ, ಅವರನ್ನು ಕೇಳದೆ ತಂದ ಎರಡನೇ ಸ್ಟ್ರಿಪ್ಪೇ ಜಾಸ್ತಿ ಅಪಾಯದ್ದು ಅನ್ನುವುದು ನನ್ನ ಅಭಿಪ್ರಾಯ. ಅಲ್ಲಿಗೆ ಹೋಗುವ ಮುಂಚೆ ಬೇರೆ ನಾಲ್ಕು ವಿಷಯ ಹೇಳಬೇಕು.

ಮೊದಲು ಸ್ಟ್ರಿಪ್ ತಿರುಗಿಸಿ ಓದಿ

ದೊಡ್ಡ ಅಕ್ಷರದಲ್ಲಿ ಇರುವುದು ಕಂಪನಿ ಇಟ್ಟ ಹೆಸರು. ಅದನ್ನು ಬಿಡಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಳಗಿನ ಔಷಧಿ ಯಾವುದು, ಎಷ್ಟು ಮಿಲಿಗ್ರಾಂ ಅಂತ ಇರುತ್ತದೆ. ಟ್ರಮಡಾಲ್, ಟಪೆಂಟಡಾಲ್, ಕೊಡೀನ್, ಮಾರ್ಫಿನ್, ಫೆಂಟನಿಲ್, ಬುಪ್ರೆನಾರ್ಫಿನ್ ಅಂತ ಕಂಡರೆ ಅದು ಓಪಿಯಾಯ್ಡ್. ಅಂದರೆ ಅಫೀಮಿನ ಥರ ಕೆಲಸ ಮಾಡುವ ನೋವಿನ ಔಷಧಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್ ಈ ಗುಂಪಿನವಲ್ಲ. ಅವುಗಳ ತೊಂದರೆಗಳೇ ಬೇರೆ.

ಓಪಿಯಾಯ್ಡ್ ಮಾತ್ರೆ ಗಾಯವನ್ನು ವಾಸಿ ಮಾಡುವುದಿಲ್ಲ, ಊತ ಇಳಿಸುವುದೂ ಇಲ್ಲ. ಮಿದುಳು ಮತ್ತು ಬೆನ್ನುಹುರಿಯಲ್ಲಿ ನೋವಿನ ಸುದ್ದಿ ಹಾದುಹೋಗುವ ಜಾಗದಲ್ಲಿ ಕೂತು ಅದನ್ನು ತಗ್ಗಿಸುತ್ತದೆ. ತೊಂದರೆ ಏನೆಂದರೆ, ಉಸಿರಾಟವನ್ನು ನಡೆಸುವ ಭಾಗದ ಮೇಲೂ ಕರುಳಿನ ಮೇಲೂ ಅದರ ಕೈ ಆಡುತ್ತದೆ. ಮಲಬದ್ಧತೆಯಿಂದ ಹಿಡಿದು ಉಸಿರು ನಿಧಾನವಾಗುವವರೆಗೆ ಎಲ್ಲ ಅಡ್ಡಪರಿಣಾಮಗಳೂ ಅಲ್ಲಿಂದಲೇ ಬರುತ್ತವೆ. ಟ್ರಮಡಾಲ್ ಇನ್ನೊಂದು ಹೆಜ್ಜೆ ಮುಂದೆ. ಅದು ಮಿದುಳಿನಲ್ಲಿರುವ ಸಿರೊಟೋನಿನ್ ಮತ್ತು ನಾರ್‌ಅಡ್ರಿನಲಿನ್ ಅನ್ನುವ ರಾಸಾಯನಿಕಗಳ ಮಟ್ಟವನ್ನೂ ಏರಿಸುತ್ತದೆ. ಜೊತೆಗೆ, ಲಿವರ್‌ನಲ್ಲಿರುವ ಒಂದು ಎನ್‌ಜೈಮ್ ಅದನ್ನು ಇನ್ನೂ ಜೋರಾದ ರೂಪಕ್ಕೆ ಬದಲಾಯಿಸುತ್ತದೆ. ಈ ಕೆಲಸ ಒಬ್ಬೊಬ್ಬರ ದೇಹದಲ್ಲಿ ಒಂದೊಂದು ವೇಗದಲ್ಲಿ ಆಗುತ್ತದೆ. ಹಾಗಾಗಿ ಅದೇ 50 ಮಿಲಿಗ್ರಾಂ ಒಬ್ಬರಿಗೆ ಏನೂ ಅನ್ನಿಸುವುದಿಲ್ಲ, ಇನ್ನೊಬ್ಬರಿಗೆ ತಲೆ ಎತ್ತಲು ಆಗುವುದಿಲ್ಲ. 12 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಟ್ರಮಡಾಲ್ ಕೊಡಲೇಬಾರದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಎಚ್ಚರಿಸಿದ್ದಕ್ಕೂ ಇದೇ ಕಾರಣ. ಪಕ್ಕದ ಮನೆಯವರಿಗೆ ಒಗ್ಗಿತು ಅನ್ನುವುದು ನಿಮಗೆ ಲೆಕ್ಕಕ್ಕೆ ಬರುವುದಿಲ್ಲ.

ಸ್ಟ್ರಿಪ್ ಮೇಲೆ ಕೆಂಪು ಗುರುತು, ಕೆಂಪು ಚೌಕದೊಳಗೆ ಎಚ್ಚರಿಕೆ ಕಾಣುತ್ತದೆ. ಟ್ರಮಡಾಲ್ 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿದೆ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಪಟ್ಟಿ. ನಾವು ಅದನ್ನು ಮಾರಿದಾಗಲೆಲ್ಲ ಡಾಕ್ಟರ ಹೆಸರು, ಪೇಷಂಟ್ ಹೆಸರು, ಎಷ್ಟು ಮಾತ್ರೆ ಅನ್ನುವುದನ್ನು ಬೇರೆ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. 2018ರ ಏಪ್ರಿಲ್‌ನಲ್ಲಿ ಅದನ್ನು ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯ ಕೆಳಗೂ ತಂದರು. ಚೀಟಿ ಕೇಳಿದರೆ ಅಂಗಡಿಯವನು ಸುಮ್ನೆ ಸತಾಯಿಸುತ್ತಿದ್ದಾನೆ ಅಂದುಕೊಳ್ಳಬೇಡಿ. ಚೀಟಿ ಕೇಳದೆ ಕೊಡುವ ಅಂಗಡಿ ಕಂಡರೆ ಆಗ ಅನುಮಾನಪಡಿ.

ಹತ್ತರ ಸ್ಟ್ರಿಪ್‌ನಲ್ಲಿ ಆರು ಮಾತ್ರೆ ಕೇಳಿದರೆ ಕತ್ತರಿ ಹಾಕಿ ಕೊಡುತ್ತೇವೆ. ಎಷ್ಟೋ ಸಲ ಹೆಸರು, ಎಕ್ಸ್‌ಪೈರಿ ತಾರೀಕು ಎಲ್ಲ ಅಂಗಡಿಯಲ್ಲಿ ಉಳಿದ ತುಂಡಿನಲ್ಲೇ ಇರುತ್ತದೆ. ನಿಮ್ಮ ಕೈಗೆ ಬರುವುದು ಬರೀ ಬೆಳ್ಳಿ ಹಾಳೆ. ತಿಂಗಳಾದ ಮೇಲೆ ಅದು ಗ್ಯಾಸಿನ ಮಾತ್ರೆಯೋ ನೋವಿನ ಮಾತ್ರೆಯೋ ಯಾರಿಗೂ ಗೊತ್ತಾಗುವುದಿಲ್ಲ. ಕತ್ತರಿಸುವ ಮುಂಚೆ ಪೂರ್ತಿ ಸ್ಟ್ರಿಪ್ಪಿನ ಎರಡೂ ಬದಿ ಮೊಬೈಲಲ್ಲಿ ಫೋಟೊ ತಗೊಳ್ಳಿ. ಮನೆಗೆ ಬಂದು ಒಂದು ಕವರ್‌ಗೆ ಹಾಕಿ, ಮೇಲೆ ಹೆಸರು ಬರೆದಿಡಿ.

ಚೀಟಿಯ ಲೆಕ್ಕ

ಡಿಸ್ಚಾರ್ಜ್ ಸಮರಿಯಲ್ಲಿ ಒಂದು ಸಾಲು ಹೀಗಿರುತ್ತದೆ: 'ಟ್ರಮಡಾಲ್ 37.5 + ಪ್ಯಾರಾಸಿಟಮಾಲ್ 325, 1-0-1, 5 ದಿನ, ನಂತರ ಎಸ್‌ಒಎಸ್'. 1-0-1 ಅಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಇದು ಬಹಳ ಜನಕ್ಕೆ ಗೊತ್ತು. ಎಡವುವುದು ಕೊನೆಯ ಎಸ್‌ಒಎಸ್‌ನಲ್ಲಿ. ಬೇಕಾದಾಗ ಮಾತ್ರ ಅಂತ ಅದರ ಅರ್ಥ. ಆದರೆ ಬೇಕಾದಷ್ಟು ಅಂತ ಓದಿಕೊಳ್ಳುವವರೇ ಜಾಸ್ತಿ. ಡಾಕ್ಟರ ರೂಮಿನಿಂದ ಹೊರಡುವ ಮುಂಚೆ ಮೂರು ಪ್ರಶ್ನೆ ಕೇಳಿ, ಉತ್ತರವನ್ನು ಚೀಟಿ ಮೇಲೇ ಬರೆಸಿಕೊಳ್ಳಿ. ದಿನಕ್ಕೆ ಹೆಚ್ಚೆಂದರೆ ಎಷ್ಟು? ಎರಡು ಮಾತ್ರೆ ನಡುವೆ ಕಡಿಮೆ ಅಂದರೆ ಎಷ್ಟು ಗಂಟೆ? ಯಾವ ದಿನ ನಿಲ್ಲಿಸಬೇಕು? ಮೂರನೆಯದನ್ನು ಯಾರೂ ಕೇಳುವುದಿಲ್ಲ.

ಪ್ಯಾರಾಸಿಟಮಾಲ್ ಜೊತೆಗಿರುವ ಮಾತ್ರೆಯಲ್ಲಿ ಇನ್ನೊಂದು ಗುಂಡಿ ಇದೆ. ನಮ್ಮ ಬೆಂಗಳೂರಿನ ಕಂಪನಿಯ ಡೋಲೋ 650 ಇಲ್ಲದ ಮನೆ ಇಲ್ಲ, ಅದೂ ಪ್ಯಾರಾಸಿಟಮಾಲೇ. ಡಾಕ್ಟರು ಟ್ರಮಡಾಲ್, ಪ್ಯಾರಾಸಿಟಮಾಲ್ ಎರಡೂ ಇರುವ ಮಾತ್ರೆಯನ್ನು ಒಂದು ಸಲಕ್ಕೆ ಎರಡರಂತೆ ದಿನಕ್ಕೆ ಮೂರು ಸಲ ಬರೆದಿದ್ದಾರೆ ಅಂತಿಟ್ಟುಕೊಳ್ಳಿ. ಅಲ್ಲಿಗೇ 1950 ಮಿಲಿಗ್ರಾಂ ಪ್ಯಾರಾಸಿಟಮಾಲ್ ಆಯಿತು. ಮೈಕೈ ಬಿಸಿ ಅಂತ ಮನೆಯವರು ನಾಲ್ಕು ಡೋಲೋ ಕೊಟ್ಟರೆ ಇನ್ನೂ 2600. ಒಟ್ಟು 4550. ದೊಡ್ಡವರಿಗೆ ದಿನದ ಮಿತಿಯೇ 4000. ಅದನ್ನು ದಾಟಿದರೆ ಪೆಟ್ಟು ಬೀಳುವುದು ಲಿವರ್‌ಗೆ.

ಟ್ರಮಡಾಲ್‌ನದೇ ಮಿತಿ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂ. 75 ದಾಟಿದವರಿಗೆ 300. ಕಿಡ್ನಿ ತೀರಾ ದುರ್ಬಲ ಇದ್ದರೆ 200. ಇವು ಮುಟ್ಟಬೇಕಾದ ಗುರಿ ಅಲ್ಲ, ದಾಟಬಾರದ ಗೆರೆ. ಸ್ಟ್ರಿಪ್ ಮೇಲೆ ಎಸ್‌ಆರ್ ಅಥವಾ ಇಆರ್ ಅಂತಿದ್ದರೆ ಅದು ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ. ಅಜ್ಜಿಗೆ ನುಂಗಲು ಆಗಲ್ಲ ಅಂತ ಕುಟ್ಟಿ ಪುಡಿ ಮಾಡಿ ಕೊಟ್ಟರೆ ಇಡೀ ದಿನದ್ದು ಒಂದೇ ಸಲಕ್ಕೆ ಮೈಗೆ ಹೋಗುತ್ತದೆ. ಹಾಗೆ ಮಾಡಲೇಬೇಡಿ. ಬೇರೆ ರೂಪದಲ್ಲಿ ಬರೆದುಕೊಡಿ ಅಂತ ಡಾಕ್ಟರನ್ನೇ ಕೇಳಿ.

ಡಾಕ್ಟರ ಹತ್ತಿರ ಏನನ್ನೂ ಮುಚ್ಚಿಡಬೇಡಿ

ಈ ಊರಲ್ಲಿ ಮೂಳೆ ಡಾಕ್ಟರು ಜಯನಗರದಲ್ಲಿ, ಶುಗರ್ ಡಾಕ್ಟರು ಮಲ್ಲೇಶ್ವರದಲ್ಲಿ, ನಿದ್ರೆ ಮಾತ್ರೆ ಬರೆದವರು ಇನ್ನೆಲ್ಲೋ. ಒಬ್ಬರ ಚೀಟಿ ಇನ್ನೊಬ್ಬರು ನೋಡಿರುವುದಿಲ್ಲ. ಹಾಗಾಗಿ ಮನೆಯಲ್ಲಿ ನುಂಗುತ್ತಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಕವರ್‌ಗೆ ಹಾಕಿಕೊಂಡು ಹೋಗಿ, ಮೇಜಿನ ಮೇಲೆ ಸುರಿಯಿರಿ. ನಾಚಿಕೆ ಏನೂ ಇಲ್ಲ.

ಎಲ್ಲಕ್ಕಿಂತ ಕೆಟ್ಟ ಜೋಡಿ ಅಂದರೆ ಓಪಿಯಾಯ್ಡ್ ಜೊತೆ ಆಲ್ಪ್ರಜೊಲಾಮ್, ಕ್ಲೊನಜೆಪಾಮ್ ಥರದ ನಿದ್ರೆ, ಆತಂಕದ ಮಾತ್ರೆ, ಇಲ್ಲವೇ ಎಣ್ಣೆ. ಎರಡೂ ಉಸಿರನ್ನು ನಿಧಾನ ಮಾಡುತ್ತವೆ. ಸೇರಿದಾಗ ನಿದ್ರೆಯಲ್ಲೇ ಉಸಿರು ನಿಲ್ಲಬಹುದು. ವೀಕೆಂಡ್ ಅಲ್ವಾ, ಒಂದೇ ಪೆಗ್ ಅಲ್ವಾ ಅನ್ನಬೇಡಿ. ಮಾತ್ರೆ ನಡೆಯುವಷ್ಟು ದಿನ ಅದು ಪೂರ್ತಿ ಬಂದ್. ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್ ಕೂಡ ಮಂಪರು ಜಾಸ್ತಿ ಮಾಡುತ್ತವೆ. ಡಾಕ್ಟರು ಬೇಕೆಂದೇ ಜೊತೆಗೆ ಬರೆಯುವುದುಂಟು. ಆದರೆ ಅದು ಅವರಿಗೆ ಗೊತ್ತಿದ್ದು ಬರೆದದ್ದಾಗಿರಬೇಕು.

ಖಿನ್ನತೆಗೆ ಎಸಿಟಲೊಪ್ರಾಮ್, ಸರ್ಟ್ರಲಿನ್, ಫ್ಲುಆಕ್ಸೆಟಿನ್ ತಗೊಳ್ಳುತ್ತಿದ್ದರೆ ಖಂಡಿತ ಹೇಳಿ. ಟ್ರಮಡಾಲ್ ಜೊತೆ ಸೇರಿದಾಗ ಸಿರೊಟೋನಿನ್ ಮಿತಿಮೀರಿ ಬೆವರು, ನಡುಕ, ಎದೆಬಡಿತ, ಗೊಂದಲ ಶುರುವಾಗಬಹುದು. ಮನೆಯವರಿಗೆ ಗೊತ್ತಾಗಬಾರದು ಅಂತ ಈ ಮಾತ್ರೆಗಳನ್ನು ಬಚ್ಚಿಡುವವರು ಬಹಳ ಜನ. ಬೇಕಾದರೆ ಮನೆಯವರನ್ನು ಹೊರಗೆ ಕಳಿಸಿ, ಡಾಕ್ಟರೊಬ್ಬರಿಗೇ ಹೇಳಿ. ಯಾವತ್ತಾದರೂ ಫಿಟ್ಸ್ ಬಂದಿದ್ದರೆ ಅದನ್ನೂ ಹೇಳಬೇಕು, ಟ್ರಮಡಾಲ್ ಫಿಟ್ಸ್ ತರಿಸಬಲ್ಲದು. ಗೊರಕೆ ಜೊತೆ ಉಸಿರು ಕಟ್ಟುವುದು, ಆಸ್ತಮಾ, ಕಿಡ್ನಿ ಅಥವಾ ಲಿವರ್ ತೊಂದರೆ, ಬಸುರಿ, ಬಾಣಂತಿ, ಹಾಲೂಡಿಸುವುದು, ಇವೂ ಹೇಳಲೇಬೇಕಾದವು. ಶುಗರ್ ಇರುವವರಿಗೆ ಟ್ರಮಡಾಲ್ ಕೆಲವು ಸಲ ಶುಗರ್ ತೀರಾ ಇಳಿಸುತ್ತದೆ. ಮೊದಲ ದಿನಗಳಲ್ಲಿ ಗ್ಲುಕೋಮೀಟರ್ ಕೈಗೆ ಸಿಗುವಂತಿರಲಿ.

ಮೊದಲ ಮೂರ್ನಾಲ್ಕು ದಿನ

ವಾಂತಿ ಬಂದ ಹಾಗೆ ಆಗುವುದು, ತಲೆ ಸುತ್ತು, ಮಂಪರು ಮಾಮೂಲು. ಗಾಡಿ ಓಡಿಸಬೇಡಿ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಅರ್ಧ ಸೆಕೆಂಡ್ ತಡವಾಗಿ ಬ್ರೇಕ್ ಒತ್ತಿದರೂ ಸಾಕು. ವಯಸ್ಸಾದವರು ರಾತ್ರಿ ಬಾತ್‌ರೂಮಿಗೆ ಏಳುವಾಗ ಬೀಳುತ್ತಾರೆ. ಹೊಸದಾಗಿ ಹಾಕಿಸಿದ ಮಂಡಿ ಇದ್ದರಂತೂ ಒಬ್ಬರು ಪಕ್ಕದಲ್ಲಿ ಮಲಗುವುದು ಒಳ್ಳೆಯದು, ಲೈಟ್ ಉರಿಯುತ್ತಿರಲಿ.

ಮಲಬದ್ಧತೆಯ ಬಗ್ಗೆ ಜನ ಬಾಯಿ ಬಿಡುವುದಿಲ್ಲ, ಆದರೆ ಅದರಿಂದಲೇ ಜಾಸ್ತಿ ಒದ್ದಾಡುತ್ತಾರೆ. ಬೇರೆ ಅಡ್ಡಪರಿಣಾಮಗಳು ದಿನ ಕಳೆದಂತೆ ಇಳಿಯುತ್ತವೆ, ಇದು ಇಳಿಯುವುದಿಲ್ಲ. ಬರೀ ಇಸಬ್ಗೋಲ್ ಸಾಲದು. ಕರುಳೇ ಮಂದವಾಗಿರುವಾಗ ನೀರು ಕಡಿಮೆ ಕುಡಿದು ಇಸಬ್ಗೋಲ್ ತಿಂದರೆ ಇನ್ನಷ್ಟು ಗಟ್ಟಿಯಾಗಿ ಕೂರಬಹುದು. ಕರುಳನ್ನು ಓಡಿಸುವ ಬಿಸಾಕೊಡಿಲ್, ಸೆನ್ನಾ ಥರದ್ದು ಬೇಕಾ ಅಂತ ಮೊದಲ ದಿನವೇ ಡಾಕ್ಟರನ್ನು ಕೇಳಿ.

ಎರಡನೇ ಸ್ಟ್ರಿಪ್

ಕೌಂಟರಿನಲ್ಲಿ ಈ ಮಾತು ನನಗೆ ಬಾಯಿಪಾಠ ಆಗಿಹೋಗಿದೆ.

"ಅಣ್ಣ, ಹೋದ ತಿಂಗಳು ತಗೊಂಡಿದ್ನಲ್ಲ, ಅದೇ ಒಂದು ಸ್ಟ್ರಿಪ್ ಕೊಡಿ."

"ಸರ್, ಈ ಚೀಟಿಯಲ್ಲಿ ಐದು ದಿನಕ್ಕೆ ಅಂತ ಬರೆದಿದ್ದಾರೆ. ಡಾಕ್ಟರಿಗೆ ಒಂದು ಫೋನ್ ಮಾಡಿ."

"ಅಯ್ಯೋ, ಅವರ ಅಪಾಯಿಂಟ್‌ಮೆಂಟ್ ಯಾವಾಗ ಸಿಗುತ್ತೋ ಏನೋ. ನೋವು ನನ್ನದು ಅಲ್ವಾ?"

ನೋವು ನಿಜ. ಅದರ ಬಗ್ಗೆ ನನಗೆ ಅನುಮಾನವೇ ಇಲ್ಲ. ಆದರೆ ಐದು ದಿನದ ನೋವು ಬೇರೆ, ಐದು ವಾರದ ನೋವು ಬೇರೆ. ಆಪರೇಷನ್ನಿನ ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಇಳಿಯದಿದ್ದರೆ ಸೋಂಕಾಗಿದೆಯಾ, ಪ್ಲೇಟ್ ಸರಿದಿದೆಯಾ ಅಂತ ನೋಡಬೇಕು. ಮಾತ್ರೆ ಆ ಸುಳಿವನ್ನೇ ಮುಚ್ಚಿಬಿಡುತ್ತದೆ. ದಿಢೀರ್ ನೋವಿಗೆ ಓಪಿಯಾಯ್ಡ್ ಮೂರು ದಿನ ಸಾಮಾನ್ಯವಾಗಿ ಸಾಕು, ಏಳು ದಿನ ದಾಟುವುದು ಅಪರೂಪಕ್ಕೆ ಬೇಕಾಗುತ್ತದೆ ಅಂತ ಅಮೆರಿಕದ ಸಾರ್ವಜನಿಕ ಆರೋಗ್ಯ ಸಂಸ್ಥೆ ಸಿಡಿಸಿ 2016ರಲ್ಲಿ ಹೇಳಿತ್ತು. ಅಲ್ಲಿ ಈ ಮಾತ್ರೆಗಳಿಂದ ಅಷ್ಟು ಸಾವು ನೋಡಿದ ಮೇಲೆ ಬಂದ ಮಾತು ಅದು. ದೊಡ್ಡ ಆಪರೇಷನ್ ಆದವರಿಗೆ ಡಾಕ್ಟರು ಇನ್ನಷ್ಟು ದಿನ ಕೊಡಬಹುದು. ಅದನ್ನು ಅವರು ನೋಡಿ ತೀರ್ಮಾನಿಸಲಿ.

ದಿನಾ ತಗೊಂಡರೆ ದೇಹದಲ್ಲಿ ಎರಡು ಬದಲಾವಣೆ ಆಗುತ್ತವೆ. ಮೊದಲು ಒಂದು ಮಾತ್ರೆಗೆ ಇಳಿಯುತ್ತಿದ್ದ ನೋವು ಈಗ ಒಂದೂವರೆಗೆ ಇಳಿಯುತ್ತದೆ. ಆಮೇಲೆ ಮಾತ್ರೆ ಇಲ್ಲದ ದಿನ ಮೈ ಪ್ರತಿಭಟಿಸುತ್ತದೆ. ಮೂಗು ಸೋರುವುದು, ಆಕಳಿಕೆ ಮೇಲೆ ಆಕಳಿಕೆ, ಬೆವರು, ಹೊಟ್ಟೆ ನುಲಿತ, ಭೇದಿ, ಕಾಲು ಸುಮ್ಮನಿರದಿರುವುದು, ನಿದ್ರೆ ಹಾರಿಹೋಗುವುದು. ಟ್ರಮಡಾಲ್ ಬಿಟ್ಟಾಗ ಕೆಲವರಿಗೆ ಇದರ ಮೇಲೆ ಗಾಬರಿ, ಗೊಂದಲವೂ ಸೇರುತ್ತದೆ. ಮೈಕೈ ನೋವು ಕೂಡ ಇದರಲ್ಲೇ ಬರುತ್ತದೆ. ಜನ ಏನಂದುಕೊಳ್ಳುತ್ತಾರೆ? ಹಳೇ ಬೆನ್ನುನೋವು ವಾಪಸ್ ಬಂತು ಅಂತ. ಮತ್ತೊಂದು ಮಾತ್ರೆ ನುಂಗುತ್ತಾರೆ, ಅರ್ಧ ಗಂಟೆ, ಒಂದು ಗಂಟೆಯಲ್ಲಿ ಎಲ್ಲ ಸರಿಯಾಗುತ್ತದೆ. ನೋವಿಗೇ ಮಾತ್ರೆ ಬೇಕು ಅನ್ನುವ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ. ಹೀಗೆ ವರ್ಷ ಕಳೆದವರಿದ್ದಾರೆ. ಅವರಲ್ಲಿ ಯಾರೂ 'ಡ್ರಗ್ಸ್ ಹೊಡೆಯುವವರು' ಅಲ್ಲ. ಆಫೀಸಿಗೆ ಹೋಗುವವರು, ಮನೆ ನಡೆಸುವವರು, ರಿಟೈರ್ ಆದವರು.

ವಾರಗಟ್ಟಲೆ ತಗೊಂಡವರಿಗೆ ಬಿಟ್ಟಾಗ ಮೈ ಪ್ರತಿಭಟಿಸುವುದು ಸಹಜ, ಅದೊಂದರಿಂದಲೇ ಚಟ ಅನ್ನಲು ಆಗುವುದಿಲ್ಲ. ಚಟ ಅಂದರೆ ತೊಂದರೆ ಆಗುತ್ತಿದೆ ಅಂತ ಗೊತ್ತಿದ್ದೂ ಬಿಡಲು ಆಗದಿರುವುದು. ನೋವಿಲ್ಲದಿದ್ದರೂ ಬೇಜಾರಿಗೆ, ನಿದ್ರೆಗೆ, 'ಸ್ವಲ್ಪ ಹಾಯಾಗಿರಲಿ' ಅಂತ ನುಂಗುವುದು. ಎರಡು ಮೂರು ಡಾಕ್ಟರ ಹತ್ತಿರ ಬೇರೆ ಬೇರೆ ಚೀಟಿ ಬರೆಸುವುದು. ಒಂದು ಅಂಗಡಿ ಬಿಟ್ಟು ಇನ್ನೊಂದು ಅಂಗಡಿಗೆ ಹೋಗುವುದು. ಸ್ಟ್ರಿಪ್ ಖಾಲಿಯಾಗುವ ಮುಂಚೆಯೇ ಎದೆ ಢವಢವ ಅನ್ನುವುದು. ಇವು ಕಂಡರೆ ತಡ ಮಾಡಬೇಡಿ. ಇದು ಎಲ್ಲೋ ಪಂಜಾಬಿನ ಸುದ್ದಿ ಮಾತ್ರ ಅಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಹೊರತಂದ ದೇಶದ ಸಮೀಕ್ಷೆಯಲ್ಲಿ, ನೂರು ಜನರಲ್ಲಿ ಸುಮಾರು ಒಬ್ಬರು ಓಪಿಯಾಯ್ಡ್ ಔಷಧಿಗಳನ್ನು ನಶೆಗೆ ಬಳಸುತ್ತಿದ್ದಾರೆ ಅಂತ ಕಂಡುಬಂದಿತ್ತು.

ವಾರಗಟ್ಟಲೆ ತಗೊಂಡಿದ್ದರೆ ಒಮ್ಮೆಗೇ ನಿಲ್ಲಿಸಲೂ ಬೇಡಿ. ಡಾಕ್ಟರು ಡೋಸನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ತಿಂಗಳುಗಟ್ಟಲೆ ತಗೊಂಡವರಿಗೆ ಇಳಿಸಲೂ ತಿಂಗಳುಗಳು ಬೇಕಾಗಬಹುದು.

ಬೆಂಗಳೂರಿನಲ್ಲಿ ಎಲ್ಲಿಗೆ ಹೋಗುವುದು

ಈ ವಿಷಯದಲ್ಲಿ ನಾವು ಅದೃಷ್ಟವಂತರು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಒಂದು ಕೇಂದ್ರ ಇದೆ. ಮಾತ್ರೆ ಬಿಡಿಸಲು ಔಷಧಿ ಇದೆ, ಆಪ್ತಸಮಾಲೋಚನೆ ಇದೆ. ಮನೆಯಲ್ಲಿ ಕೂಡಿಹಾಕಿ ಬಿಡಿಸುವ ಹಳೇ ಕ್ರಮ ಬೇಕಾಗಿಲ್ಲ. ಫೋನ್‌ನಲ್ಲಿ ಮಾತಾಡಿದರೆ ಸಾಕು ಅನ್ನುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446.

ಪೊಲೀಸ್ ಕೇಸ್ ಆಗುತ್ತಾ ಅಂತ ಹೆದರಿ ಬಹಳ ಜನ ಹೋಗುವುದೇ ಇಲ್ಲ. ಚಿಕಿತ್ಸೆಗೆ ಬಂದವರ ಮಾಹಿತಿ ಗುಟ್ಟಾಗಿಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ಕೂಡ, ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ಸೇವನೆ ಮತ್ತು ಸಣ್ಣ ಪ್ರಮಾಣದ ಪ್ರಕರಣಗಳಲ್ಲಿ ರಕ್ಷಣೆ ಕೊಡುತ್ತದೆ. ಖಾಸಗಿ ಕೇಂದ್ರಕ್ಕೆ ಸೇರಿಸುವುದಾದರೆ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸಿ ಅನ್ನಿ. ತೋರಿಸಲು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ.

ಕ್ಯಾನ್ಸರ್ ಇರುವ ಮನೆಯವರಿಗೆ ಒಂದು ಮಾತು. ಮೇಲೆ ಹೇಳಿದ್ದನ್ನೆಲ್ಲ ಓದಿ ಮಾರ್ಫಿನ್ ಬೇಡ ಅನ್ನಬೇಡಿ. ಆ ನೋವಿನ ಲೆಕ್ಕವೇ ಬೇರೆ, ಅಲ್ಲಿ ಚಟದ ಭಯಕ್ಕಿಂತ ನೋವು ತಗ್ಗುವುದು ಮುಖ್ಯ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೂ, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ಕುಂದಲಹಳ್ಳಿ ಕಡೆಯ ಕರುಣಾಶ್ರಯದಲ್ಲೂ ಇದನ್ನು ಚೆನ್ನಾಗಿ ಬಲ್ಲವರಿದ್ದಾರೆ. ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪ್ಯಾಚ್ ಕೊಟ್ಟಿದ್ದರೆ ಅದರ ಮೇಲೆ ಬಿಸಿನೀರಿನ ಬ್ಯಾಗ್ ಇಡಬೇಡಿ. ಶಾಖಕ್ಕೆ ಔಷಧಿ ಒಮ್ಮೆಗೇ ಮೈಗೆ ಇಳಿಯುತ್ತದೆ. ಜೋರು ಜ್ವರ ಬಂದರೂ ಡಾಕ್ಟರಿಗೆ ತಿಳಿಸಿ.

ಎಬ್ಬಿಸಿದರೂ ಏಳದಿದ್ದರೆ

ಜೋರಾಗಿ ಕೂಗಿ, ಭುಜ ಅಲುಗಾಡಿಸಿ. ಕಣ್ಣು ತೆರೆಯದಿದ್ದರೆ ಎದೆ ನೋಡಿ. ಸುಮ್ಮನೆ ಮಲಗಿದ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಅದಕ್ಕಿಂತ ತೀರಾ ಕಡಿಮೆ ಇದ್ದರೆ, ಗೊರಗೊರ ಸದ್ದು ಬರುತ್ತಿದ್ದರೆ, ತುಟಿ ನೀಲಿಯಾಗಿದ್ದರೆ, ಕಣ್ಣಪಾಪೆ ಸೂಜಿಮೊನೆಯಷ್ಟಾಗಿದ್ದರೆ 108ಕ್ಕೆ ಫೋನ್ ಮಾಡಿ. ಉಸಿರಾಡುತ್ತಿದ್ದರೆ ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ವಾಂತಿ ಗಂಟಲಿಗೆ ಸಿಕ್ಕಿಕೊಳ್ಳುವುದಿಲ್ಲ. ಉಸಿರೇ ಇಲ್ಲದಿದ್ದರೆ ಸಿಪಿಆರ್, ಅಂದರೆ ಎದೆ ಒತ್ತುವುದನ್ನು ಶುರು ಮಾಡಬೇಕು. 108ರವರು ಫೋನ್‌ನಲ್ಲಿ ಹೇಳಿದ ಹಾಗೆ ಮಾಡಿ. ನಿಂಬೆರಸ, ಮಜ್ಜಿಗೆ, ಉಪ್ಪುನೀರು ಯಾವುದನ್ನೂ ಬಾಯಿಗೆ ಸುರಿಯಬೇಡಿ. ಮಲಗಿದರೆ ಸರಿಹೋಗುತ್ತೆ ಅಂತ ಬಿಡಲೂಬೇಡಿ. ಖಾಲಿ ಸ್ಟ್ರಿಪ್‌ಗಳನ್ನು ಜೊತೆಗೆ ತಗೊಂಡು ಹೋಗಿ. ಆಸ್ಪತ್ರೆಯಲ್ಲಿ ಓಪಿಯಾಯ್ಡ್‌ನ ಪರಿಣಾಮ ಇಳಿಸುವ ನಲಾಕ್ಸೋನ್ ಇಂಜೆಕ್ಷನ್ ಇರುತ್ತದೆ, ಆದರೆ ಟ್ರಮಡಾಲ್‌ನ ಎಲ್ಲ ಪರಿಣಾಮವನ್ನೂ ಅದು ಇಳಿಸುವುದಿಲ್ಲ. ಏನು ನುಂಗಿದ್ದಾರೆ ಅನ್ನುವುದು ಡಾಕ್ಟರಿಗೆ ಮೊದಲೇ ಗೊತ್ತಾಗಬೇಕು.

ಉಳಿದ ಮಾತ್ರೆ

ಫ್ರಿಜ್ ಮೇಲಿನ ಬಿಸ್ಕತ್ ಡಬ್ಬಿಯಲ್ಲಿ ಇಡಬೇಡಿ. ಮಕ್ಕಳಿಗೂ ಸಿಗುತ್ತದೆ, ಕಾಲೇಜಿಗೆ ಹೋಗುವ ಹುಡುಗರಿಗೂ ಸಿಗುತ್ತದೆ. ಬೀರುವಿನಲ್ಲಿ ಬೀಗ ಹಾಕಿಡಿ, ಎಷ್ಟು ಉಳಿದಿವೆ ಅಂತ ಎಣಿಸಿಡಿ. ಅತ್ತೆಗೆ ಬರೆದದ್ದನ್ನು ಸೊಸೆಯ ಸೊಂಟನೋವಿಗೆ ಕೊಡುವುದು ಪ್ರೀತಿಯಿಂದಲೇ ಇರಬಹುದು, ಆದರೂ ಬೇಡ. ದುಬೈಗೆ ಮಗಳ ಮನೆಗೆ ಹೊರಟಿದ್ದರೆ ಟ್ರಮಡಾಲ್ ಬ್ಯಾಗಿಗೆ ಹಾಕುವ ಮುಂಚೆ ಅಲ್ಲಿನ ಅನುಮತಿ ಪಡೆಯಿರಿ. ಯುಎಇಯಲ್ಲಿ ಅದು ನಿಯಂತ್ರಿತ ಔಷಧಿ, ಏರ್‌ಪೋರ್ಟಿನಲ್ಲೇ ಸಿಕ್ಕಿಬೀಳಬಹುದು.

ಬೇಡವಾದದ್ದನ್ನು ಕಸದ ಗಾಡಿಗೆ ಹಾಕಿದರೆ ಆಯ್ದವರ ಕೈಗೆ ಹೋಗುತ್ತದೆ. ಸಾಮಾನ್ಯವಾಗಿ ಔಷಧಿಯನ್ನು ಚರಂಡಿಗೆ ಬಿಡಬಾರದು ಅನ್ನುವುದು ನಿಜ. ಆದರೆ ದೇಶದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒ 2025ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ 17 ಔಷಧಿಗಳಿಗೆ ವಿನಾಯಿತಿ ಇದೆ. ಟ್ರಮಡಾಲ್, ಟಪೆಂಟಡಾಲ್, ಮಾರ್ಫಿನ್, ಫೆಂಟನಿಲ್ ಅದರಲ್ಲಿವೆ. ಬೇರೆಯವರ ಕೈಗೆ ಸಿಗುವುದಕ್ಕಿಂತ ಟಾಯ್ಲೆಟ್‌ಗೆ ಹಾಕಿ ನೀರು ಬಿಡುವುದೇ ವಾಸಿ ಅನ್ನುವುದು ಅವರ ಲೆಕ್ಕ. ಸ್ಟ್ರಿಪ್ಪಿನಿಂದ ಮಾತ್ರೆ ಬಿಡಿಸಿ ಹಾಕಿ. ಹಾಳೆಯ ಮೇಲಿನ ನಿಮ್ಮ ಹೆಸರು, ಚೀಟಿ ಇದ್ದರೆ ಹರಿದು ಒಣ ಕಸಕ್ಕೆ ಹಾಕಿ. ಬಳಸಿದ ಫೆಂಟನಿಲ್ ಪ್ಯಾಚ್‌ನಲ್ಲಿ ಮೂರು ದಿನ ಆದಮೇಲೂ ಮಗುವಿನ ಜೀವಕ್ಕೆ ಕುತ್ತು ತರುವಷ್ಟು ಔಷಧಿ ಉಳಿದಿರುತ್ತದೆ. ಅಂಟಿನ ಬದಿ ಒಳಗೆ ಬರುವಂತೆ ಮಡಚಿ, ತೆಗೆದ ತಕ್ಷಣವೇ ಅದನ್ನೂ ಟಾಯ್ಲೆಟ್‌ಗೆ ಹಾಕಿ, ಕೈ ತೊಳೆದುಕೊಳ್ಳಿ.